ಓದುಗರ ಪ್ರಶ್ನೆ: ‘ದಿ ಸರ್ಚರ್ಸ್’ ಮತ್ತು ಎರಡು ಬಾಗಿಲುಗಳು

ಜಾನ್ ಫೋರ್ಡ್ ನಿರ್ದೇಶಿಸಿದ 1956ರ ‘ದಿ ಸರ್ಚರ್ಸ್’ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಪುಟ ಮೀಸಲು. ನೋಡದವರಿಗೆ ಕಥೆ ಇಷ್ಟು: 1868ರ ಟೆಕ್ಸಾಸ್. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಪಡೆಯಲ್ಲಿದ್ದ ಈಥನ್ ಎಡ್ವರ್ಡ್ಸ್ (ಜಾನ್ ವೇಯ್ನ್), ಯುದ್ಧ ಮುಗಿದು ಮೂರು ವರ್ಷವಾದ ಮೇಲೆ ತಮ್ಮ ಆರನ್‌ನ ಮನೆಗೆ ಬರುತ್ತಾನೆ. ಬಂದ ಬೆನ್ನಿಗೇ ಕಮಾಂಚಿ ಎಂಬ ಮೂಲನಿವಾಸಿ ಬುಡಕಟ್ಟಿನವರ ದಾಳಿಯಾಗಿ ಮನೆ ಸುಟ್ಟುಹೋಗುತ್ತದೆ. ಉಳಿಯುವುದು ಅವರು ಹೊತ್ತೊಯ್ದ ಕಿರಿಮಗಳು ಡೆಬ್ಬಿ ಮಾತ್ರ. ಈಥನ್ ಮತ್ತು ಆ ಮನೆಯ ಸಾಕುಮಗ ಮಾರ್ಟಿನ್ ಪಾಲಿ ವರ್ಷಗಟ್ಟಲೆ ಅವಳನ್ನು ಹುಡುಕುತ್ತಾರೆ. ಕಷ್ಟವೆಂದರೆ, ಸಿಕ್ಕ ಮೇಲೆ ಈಥನ್ ಅವಳನ್ನು ಮನೆಗೆ ತರುತ್ತಾನೋ ಕೊಲ್ಲುತ್ತಾನೋ ಎಂಬುದು ಮಾರ್ಟಿನ್‌ಗೆ ಗೊತ್ತಿಲ್ಲ. ಮುಂದಿನ ಉತ್ತರಗಳಲ್ಲಿ ಅಂತ್ಯವನ್ನೂ ಹೇಳಿದ್ದೇವೆ. ನೋಡದವರು ನೋಡಿಕೊಂಡೇ ಬನ್ನಿ.

ಚಿತ್ರದುದ್ದಕ್ಕೂ ಕೊಲ್ಲಲು ಹೊರಟವನು ಕೊನೆಗೆ ಡೆಬ್ಬಿಯನ್ನು ಎತ್ತಿ ಅಪ್ಪಿಕೊಳ್ಳುತ್ತಾನಲ್ಲ, ಮನಸ್ಸು ಬದಲಾಗಿದ್ದು ಎಲ್ಲಿ? ನಿರ್ದೇಶಕರು ಸುಲಭದ ದಾರಿ ಹಿಡಿದರು ಅನ್ನಿಸಿತು.
– ಪದವಿ ವಿದ್ಯಾರ್ಥಿನಿ, ಧಾರವಾಡ

ಬದಲಾದ ಕ್ಷಣಕ್ಕೆ ಮಾತು ಕೊಟ್ಟಿಲ್ಲ, ನಿಜ. ಆದರೆ ಅದಕ್ಕೆ ಬೇಕಾದ ಏರ್ಪಾಟು ಮೊದಲ ಹತ್ತು ನಿಮಿಷದಲ್ಲೇ ಆಗಿಹೋಗಿದೆ. ಮನೆಗೆ ಬಂದ ಸಂಜೆ ಈಥನ್ ಪುಟ್ಟ ಡೆಬ್ಬಿಯನ್ನು ಅವಳ ಅಕ್ಕ ಲೂಸಿ ಎಂದುಕೊಂಡು ಎರಡೂ ಕೈಯಿಂದ ತಲೆಗಿಂತ ಮೇಲಕ್ಕೆ ಎತ್ತುತ್ತಾನೆ. ಅವನು ಮನೆ ಬಿಟ್ಟು ಎಷ್ಟು ಕಾಲವಾಯಿತು ಎನ್ನುವುದು ಆ ಒಂದು ತಪ್ಪಿನಿಂದಲೇ ನಮಗೆ ತಿಳಿಯುತ್ತದೆ. ಕೊನೆಯಲ್ಲಿ, ಬೆಳೆದ ಡೆಬ್ಬಿಯನ್ನು ಗುಹೆಯ ಬಾಯಿಯ ಹತ್ತಿರ ಹಿಡಿದಾಗ, ಅದೇ ಭಂಗಿಯಲ್ಲಿ ಅದೇ ಎತ್ತರಕ್ಕೆ ಎತ್ತುತ್ತಾನೆ. ತಲೆ ಬೇಡವೆನ್ನುತ್ತಿದ್ದದ್ದನ್ನು ತೋಳು ನೆನಪಿಟ್ಟುಕೊಂಡಿತ್ತು ಎನ್ನಬಹುದು.

ಅದಕ್ಕೂ ಒಂದೆರಡು ನಿಮಿಷ ಹಿಂದಿನದನ್ನು ಗಮನಿಸಿ. ಕಮಾಂಚಿ ನಾಯಕ ಸ್ಕಾರ್‌ನನ್ನು ಕೊಲ್ಲುವವನು ಈಥನ್ ಅಲ್ಲ, ಮಾರ್ಟಿನ್. ಈಥನ್ ಕುದುರೆಯ ಮೇಲೆ ಡೇರೆಯೊಳಗೆ ನುಗ್ಗುವಾಗ ಅಲ್ಲಿರುವುದು ಹೆಣ. ಅವನು ಅದರ ನೆತ್ತಿ ಸುಲಿಯುತ್ತಾನೆ. ಕಮಾಂಚಿಗಳ ಯಾವ ಕೆಲಸವನ್ನು ಪೈಶಾಚಿಕ ಎಂದು ದ್ವೇಷಿಸುತ್ತಿದ್ದನೋ ಅದನ್ನೇ ಮಾಡಿ ಹೊರಬರುವಾಗ ಅವನ ಮುಖವನ್ನು ಫೋರ್ಡ್ ಹತ್ತಿರದಿಂದ ತೋರಿಸುತ್ತಾರೆ. ಅಲ್ಲಿ ಗೆದ್ದ ಕಳೆ ಇಲ್ಲ. ಸೇಡು ತೀರಿತು, ಕೈಗೆ ಏನೂ ಬರಲಿಲ್ಲ. ಡೆಬ್ಬಿಯ ಹಿಂದೆ ಓಡುವವನು ಆ ಖಾಲಿಯಾದ ಮನುಷ್ಯ.

ಫ್ರಾಂಕ್ ನ್ಯೂಜೆಂಟ್ ಬರೆದ ಚಿತ್ರಕಥೆಯಲ್ಲಿ ಈಥನ್ ಬಂದೂಕು ತೆಗೆದು ಗುರಿಯಿಟ್ಟು, ಅವಳು ತಾಯಿಯನ್ನೇ ಹೋಲುತ್ತಾಳೆ ಎಂದು ಹೇಳಿ ಕೈ ಇಳಿಸುವ ಹಾಗಿತ್ತು. ತೆರೆಯ ಮೇಲೆ ಆ ವಿವರಣೆ ಇಲ್ಲ. ನಮಗಂತೂ ಇದು ಸುಲಭದ ದಾರಿಯಾಗಿ ಕಾಣಲಿಲ್ಲ. ಕಾರಣ ಹೇಳಿಸಿಬಿಡುವುದೇ ಸುಲಭವಿತ್ತು.

ನಿಮ್ಮ ಆಕ್ಷೇಪ ಸರಿಯಾಗಿ ನಾಟುವುದು ಡೆಬ್ಬಿಯ ವಿಚಾರದಲ್ಲಿ. ಮರಳು ದಿಬ್ಬದ ಬಳಿ ಮೊದಲ ಸಲ ಸಿಕ್ಕಾಗ ಇವರೇ ನನ್ನ ಜನ, ನೀವು ಹೋಗಿ ಎಂದವಳು, ಕೊನೆಯ ರಾತ್ರಿ ಮಾರ್ಟಿನ್ ಎಬ್ಬಿಸಿದ ಕೂಡಲೇ ಹೊರಡಲು ಒಪ್ಪುತ್ತಾಳೆ. ಆ ನಡುವೆ ಅವಳೊಳಗೆ ಏನಾಯಿತು ಎಂಬುದಕ್ಕೆ ಚಿತ್ರದಲ್ಲಿ ಜಾಗವಿಲ್ಲ. ಅದು ಬಿರುಕೇ.

ಈಥನ್‌ಗೂ ತಮ್ಮನ ಹೆಂಡತಿ ಮಾರ್ಥಾಗೂ ಪ್ರೀತಿ ಇತ್ತು ಎಂದು ಎಲ್ಲೋ ಓದಿದೆ. ಎರಡು ಸಲ ನೋಡಿದರೂ ಅಂಥ ಒಂದು ಮಾತೂ ಕಿವಿಗೆ ಬೀಳಲಿಲ್ಲ.
– ನಿವೃತ್ತ ಶಿಕ್ಷಕರು, ಸಾಗರ

ಬೀಳುವುದಿಲ್ಲ. ಮಾತೇ ಇಲ್ಲ. ಉಪಶೀರ್ಷಿಕೆ ಓದುತ್ತಾ ನೋಡುವವರಿಗೆ ಇದು ತಪ್ಪಿಹೋಗುವುದು ಸಹಜ. ಮೂರನೇ ಸಲ ನೋಡುವಾಗ ಟೆಕ್ಸಾಸಿನ ಕಾವಲು ಪಡೆಯಾದ ರೇಂಜರ್‌ಗಳು ಬೆಳಿಗ್ಗೆ ಮನೆಗೆ ಬರುವ ದೃಶ್ಯದಲ್ಲಿ ಉಪಶೀರ್ಷಿಕೆ ಆರಿಸಿಬಿಡಿ. ವಾರ್ಡ್ ಬಾಂಡ್ ಮಾಡಿರುವ ಪಾದ್ರಿ-ಕ್ಯಾಪ್ಟನ್ ಕ್ಲೇಟನ್ ಕಾಫಿ ಹಿಡಿದು ನಿಂತಿರುತ್ತಾನೆ. ಹಿಂದಿನ ಕೋಣೆಯಲ್ಲಿ ಮಾರ್ಥಾ ಈಥನ್‌ನ ಕೋಟನ್ನು ಎತ್ತಿಕೊಂಡು, ಬಟ್ಟೆಯ ಮೇಲೆ ಕೈಯಾಡಿಸುತ್ತಾಳೆ. ಕ್ಲೇಟನ್‌ಗೆ ಅದು ಕಂಡಿದೆ. ಅವನು ತಿರುಗಿ ನೋಡುವುದಿಲ್ಲ, ಎದುರಿನ ಗೋಡೆ ನೋಡುತ್ತಾ ಕಾಫಿ ಕುಡಿಯುತ್ತಾನೆ. ಈಥನ್ ಬಂದು ಕೋಟು ಇಸಕೊಂಡು ಅವಳ ಹಣೆಗೆ ಮುತ್ತಿಟ್ಟು ಹೋಗುತ್ತಾನೆ. ಊರಿಗೆಲ್ಲ ಗೊತ್ತಿದ್ದು ಯಾರೂ ಆಡದ ವಿಷಯವನ್ನು ಫೋರ್ಡ್ ಹೀಗೆ ಮುಗಿಸಿಬಿಡುತ್ತಾರೆ. ಹಿನ್ನೆಲೆಯಲ್ಲಿ ಮ್ಯಾಕ್ಸ್ ಸ್ಟೈನರ್ ಸಂಗೀತ ಮಾತ್ರ ಮೆಲ್ಲಗೆ ಸಾಗುತ್ತದೆ.

ಇದು ಗೊತ್ತಾದರೆ ಉಳಿದದ್ದರ ತೂಕ ಬದಲಾಗುತ್ತದೆ. ಸುಟ್ಟ ಮನೆಗೆ ಓಡಿಬರುವಾಗ ಈಥನ್ ಕೂಗುವುದು ತಮ್ಮನ ಹೆಸರನ್ನಲ್ಲ, ಮಾರ್ಥಾ ಹೆಸರನ್ನು. ಅವಳ ಹೆಣವಿರುವ ಕೋಣೆಗೆ ಮಾರ್ಟಿನ್ ಹೋಗದಂತೆ ಹೊಡೆದು ಬೀಳಿಸುತ್ತಾನೆ. ನಮಗೂ ಆ ಹೆಣ ತೋರಿಸುವುದಿಲ್ಲ.

ಇನ್ನೊಂದು, ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಂಥದ್ದು. ದಾಳಿಗೆ ಮುಂಚೆ ಡೆಬ್ಬಿಯನ್ನು ಅಡಗಿಸುವುದು ಅಜ್ಜಿಯ ಸಮಾಧಿಯ ಬಳಿ. ಆ ಕಲ್ಲಿನ ಮೇಲೆ ಮೇರಿ ಜೇನ್ ಎಡ್ವರ್ಡ್ಸ್ 1852ರ ಮೇ 12ರಂದು ಕಮಾಂಚಿಗಳಿಂದ ಹತಳಾದಳೆಂದು ಕೆತ್ತಿದೆ. ಎಂದರೆ ಈಥನ್‌ನ ತಾಯಿ. ಅವನ ದ್ವೇಷದ ಬೇರು ಎಲ್ಲಿದೆಯೆಂದು ಇಡೀ ಚಿತ್ರದಲ್ಲಿ ಯಾರೂ ಹೇಳುವುದಿಲ್ಲ, ಆ ಕಲ್ಲೊಂದನ್ನು ಬಿಟ್ಟು. ಅಲ್ಲಿ ವಿರಾಮದ ಗುಂಡಿ ಒತ್ತಿ ಓದಿಕೊಳ್ಳಿ.

ಕತ್ತಲ ಮನೆಯೊಳಗಿಂದ ಬಾಗಿಲಾಚೆಯ ಬಿಸಿಲು ಕಾಣುವ ಆ ಶಾಟ್ ನಮ್ಮ ಕಿರುಚಿತ್ರಕ್ಕೆ ಬೇಕು. ನಾವು ತೆಗೆದರೆ ಹೊರಗಡೆ ಬೆಳ್ಳಗೆ ಸುಟ್ಟುಹೋಗುತ್ತದೆ, ಇಲ್ಲವೇ ಒಳಗಿನ ಪಾತ್ರೆ-ಪಗಡಿಯೆಲ್ಲ ಕಾಣುತ್ತದೆ. ಲೈಟು ಬಾಡಿಗೆಗೆ ತರಲು ದುಡ್ಡಿಲ್ಲ.
– ಕಿರುಚಿತ್ರ ತಂಡ, ಶಿರಸಿ

ಲೈಟು ಬೇಡ. ಬೇಕಾದದ್ದು ಹೊತ್ತು ಮತ್ತು ಕಪ್ಪು ಬಟ್ಟೆ.

ಮೊದಲು ಬಾಗಿಲ ದಿಕ್ಕು ನೋಡಿ. ಸೂರ್ಯ ಮನೆಯ ಹಿಂದೆ ಇರಬೇಕು. ಆಗ ಅಂಗಳದಾಚೆಯ ಗುಡ್ಡ-ಗದ್ದೆಗೆ ನೇರ ಬೆಳಕು ಬೀಳುತ್ತದೆ, ಜಗಲಿ ನೆರಳಲ್ಲಿರುತ್ತದೆ, ಹೊಸ್ತಿಲ ಮೇಲೆ ನಿಂತವರು ಕಪ್ಪು ಆಕೃತಿಯಾಗುತ್ತಾರೆ. ನಮ್ಮಲ್ಲಿ ಹೆಚ್ಚಿನ ಮನೆಗಳ ಬಾಗಿಲು ಪೂರ್ವಕ್ಕೆ. ಹಾಗಿದ್ದರೆ ಮಧ್ಯಾಹ್ನ ಮೂರೂವರೆಯ ಮೇಲೆ ತೆಗೆಯಿರಿ. ಪಶ್ಚಿಮದ ಬಾಗಿಲಾದರೆ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ. ಬೆಳಿಗ್ಗೆ ಪೂರ್ವದ ಬಾಗಿಲಲ್ಲಿ ತೆಗೆದರೆ ಬಿಸಿಲು ಒಳಗೇ ನುಗ್ಗಿ ನೆಲದ ಮೇಲೆ ಚೌಕ ಬೀಳುತ್ತದೆ. ಅಲ್ಲಿಗೆ ಕತ್ತಲು ಕೆಟ್ಟಿತು.

ಎಕ್ಸ್‌ಪೋಷರ್ ಹೊರಗಿನದಕ್ಕೆ, ಹೊರಗಿನದಕ್ಕೆ ಮಾತ್ರ. ನೇರ ಬಿಸಿಲಲ್ಲಿ ಐಎಸ್ಒ 100, ಶಟರ್ 1/100, ಅಪರ್ಚರ್ ಎಫ್ 16 ಎಂಬುದು ಹಳೆಯ ಲೆಕ್ಕ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ ಶಟರ್ 1/50 ಇಡಬೇಕಾಗುವುದರಿಂದ ಎಫ್ 22 ಬೇಕಾಗುತ್ತದೆ. ಅಷ್ಟು ಕಿರಿದು ಮಾಡಿದರೆ ಚಿತ್ರ ಮಂಕಾಗುತ್ತದೆ. ಬದಲಿಗೆ ಎನ್‌ಡಿ 8 ಫಿಲ್ಟರ್ ಹಾಕಿ, ಅದು ಮೂರು ಸ್ಟಾಪ್ ಬೆಳಕು (ಪ್ರತಿ ಸ್ಟಾಪಿಗೆ ಅರ್ಧದಂತೆ) ತಡೆಯುತ್ತದೆ, ಎಫ್ 8ರಲ್ಲಿ ತೆಗೆಯಿರಿ. ಸಂಜೆಯ ಬೆಳಕಾದರೆ ಇನ್ನರ್ಧ ಸ್ಟಾಪ್ ತೆರೆಯಿರಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂ.ಎಂ. ಲೆನ್ಸ್ ಎಫ್ 8ರಲ್ಲಿದ್ದು ಫೋಕಸ್ 5 ಮೀಟರಿಗೆ ಇಟ್ಟರೆ ಸುಮಾರು ಎರಡೂವರೆ ಮೀಟರಿನಿಂದ ದಿಗಂತದವರೆಗೆ ಸ್ಪಷ್ಟ. ಫೋಕಸ್ ಮತ್ತೆ ಮುಟ್ಟಬೇಡಿ.

ಕ್ಯಾಮೆರಾ ಬಾಗಿಲಿಂದ 12 ಅಡಿ ಒಳಗೆ, ಎದೆಮಟ್ಟದಲ್ಲಿ. ಮೂರಡಿಯ ಬಾಗಿಲು ಆಗ 35 ಎಂ.ಎಂ.ನಲ್ಲಿ ಫ್ರೇಮಿನ ಕಾಲುಭಾಗ ತುಂಬುತ್ತದೆ, 50 ಎಂ.ಎಂ.ನಲ್ಲಿ ಮೂರನೇ ಒಂದು. ಮಲೆನಾಡಿನ ಹಳೇ ಮನೆಗಳ ಬಾಗಿಲು ಗಿಡ್ಡ. ತಲೆಮಟ್ಟದಲ್ಲಿಟ್ಟರೆ ಮೇಲಿನ ದಾರಂದ ಆಕಾಶವನ್ನು ನುಂಗಿಬಿಡುತ್ತದೆ.

ಮೊಬೈಲಿನಲ್ಲಿ ತೆಗೆಯುವವರು ಹೊರಗಿನ ಗುಡ್ಡದ ಮೇಲೆ ಬೆರಳು ಒತ್ತಿಹಿಡಿದು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆಳೆಯಿರಿ. ಎಚ್‌ಡಿಆರ್ ಆರಿಸಲೇಬೇಕು. ನಿಮ್ಮ ಪಾತ್ರೆ-ಪಗಡಿ ಕಾಣುತ್ತಿರುವುದು ಬಹುಶಃ ಅದರಿಂದಲೇ. ಕತ್ತಲನ್ನು ಎತ್ತಿ ತೋರಿಸುವುದೇ ಅದರ ಕೆಲಸ. ಲಾಕ್ ಮಾಡದಿದ್ದರೆ ಬಾಗಿಲು ತೆರೆಯುವಾಗ ಬೆಳಕು ಏರಿಳಿದು ಶಾಟ್ ಉಸಿರಾಡಿದಂತೆ ಕಾಣುತ್ತದೆ.

ಆಮೇಲೂ ಒಳಗೆ ಬೆಳಕಿದ್ದರೆ ಕಳ್ಳ ಗೋಡೆ. ಸುಣ್ಣದ ಗೋಡೆ ಬಾಗಿಲ ಬೆಳಕನ್ನು ಕೋಣೆಗೆಲ್ಲ ಹಂಚುತ್ತದೆ. ಬಾಗಿಲ ಎರಡೂ ಬದಿಗೆ ನಾಲ್ಕಡಿ ಅಗಲ ಕಪ್ಪು ಬಟ್ಟೆ ತೂಗುಹಾಕಿ. ಕಿಟಕಿ, ಬೆಳಕಿಂಡಿ, ಗಾಜಿನ ಹಂಚು ಮುಚ್ಚಿ. ಕಾವಿ ನೆಲಕ್ಕೆ ಕರಿ ಕಂಬಳಿ ಹಾಸಿ, ಇಲ್ಲದಿದ್ದರೆ ಆಕಾಶ ಅದರಲ್ಲಿ ಮಿಂಚುತ್ತದೆ.

ಫೋರ್ಡ್ ಮತ್ತು ಛಾಯಾಗ್ರಾಹಕ ವಿಂಟನ್ ಹೋಕ್ ಮಾಡಿದ್ದರಲ್ಲಿ ಒಂದನ್ನು ಮರೆಯಬೇಡಿ. ಮೊದಲ ಶಾಟ್‌ನಲ್ಲಿ ಮಾರ್ಥಾ ಬಾಗಿಲು ತೆರೆದು ಹೊರಗೆ ನಡೆಯುವಾಗ ಕ್ಯಾಮೆರಾ ಅವಳ ಹಿಂದೆಯೇ ಹೊಸ್ತಿಲು ದಾಟುತ್ತದೆ. ಕೊನೆಯ ಶಾಟ್‌ನಲ್ಲಿ ಒಳಗೇ ಉಳಿಯುತ್ತದೆ. ಅಂದಹಾಗೆ ಎರಡೂ ಒಂದೇ ಮನೆಯಲ್ಲ. ಮೊದಲನೆಯದು ಎಡ್ವರ್ಡ್ಸ್ ಮನೆ, ಅದು ಸುಟ್ಟುಹೋಯಿತು. ಕೊನೆಯದು ನೆರೆಯ ಜಾರ್ಗೆನ್ಸನ್ ಕುಟುಂಬದ್ದು. ಚಿತ್ರದ ನಡುವೆಯೂ ಈ ಚೌಕಟ್ಟು ಎರಡು ಸಲ ಬರುತ್ತದೆ: ಮಾರ್ಥಾಳ ಹೆಣ ಸಿಕ್ಕ ಕೋಣೆಯ ಒಳಗಿಂದ, ಮತ್ತು ಕಮಾಂಚಿಗಳಿಂದ ತಪ್ಪಿಸಿಕೊಂಡು ಓಡುವಾಗ ಗುಹೆಯ ಒಳಗಿಂದ. ನೀವೂ ಒಂದೇ ಸಲ ಚೆಂದಕ್ಕೆ ಬಳಸಿದರೆ ಅದು ಬರೀ ಪೋಸ್ಟರ್.

ಇದು ನಡೆದ ಕಥೆಯೇ?
– ಓದುಗರು, ಹಾಸನ

ಅಲನ್ ಲೆಮೇ ಬರೆದ 1954ರ ಕಾದಂಬರಿ ಇದಕ್ಕೆ ಮೂಲ. ಅದರ ಹಿಂದೆ ಟೆಕ್ಸಾಸಿನ ನಿಜಸಂಗತಿಗಳಿವೆ. ಹೆಚ್ಚು ಹೆಸರಾದದ್ದು ಸಿಂಥಿಯಾ ಆನ್ ಪಾರ್ಕರ್‌ಳದ್ದು. 1836ರ ಮೇನಲ್ಲಿ ಪಾರ್ಕರ್ ಕೋಟೆಯ ಮೇಲೆ ದಾಳಿಯಾದಾಗ ಒಂಬತ್ತರ ಆಸುಪಾಸಿನ ಈ ಹುಡುಗಿಯನ್ನು ಒಯ್ದರು. ಚಿಕ್ಕಪ್ಪ ಜೇಮ್ಸ್ ಪಾರ್ಕರ್ ಬಂಧುಗಳಿಗಾಗಿ ವರ್ಷಗಟ್ಟಲೆ ಅಲೆದ. ಅವಳು ಕಮಾಂಚಿಯಾಗಿಯೇ ಬೆಳೆದು, ಪೀಟಾ ನೊಕೋನಾನನ್ನು ಮದುವೆಯಾಗಿ ಮೂರು ಮಕ್ಕಳ ತಾಯಿಯಾದಳು. 1860ರ ಡಿಸೆಂಬರಿನಲ್ಲಿ ಪೀಸ್ ನದಿಯ ಬಳಿ ರೇಂಜರ್‌ಗಳು ಹಸುಗೂಸಿನೊಂದಿಗೆ ಅವಳನ್ನು ಹಿಡಿದು ಬಿಳಿಯ ಬಂಧುಗಳಿಗೆ ಒಪ್ಪಿಸಿದರು. ಅದನ್ನೇ ಬಿಡುಗಡೆ ಎಂದು ಕರೆದರು. ಅವಳು ಮತ್ತೆ ಮತ್ತೆ ಗಂಡುಮಕ್ಕಳಿರುವ ಕಡೆಗೆ ಓಡಿಹೋಗಲು ನೋಡಿದಳು, ಆಗಲಿಲ್ಲ. ಜೊತೆಗಿದ್ದ ಮಗಳೂ ತೀರಿಕೊಂಡಳು. 1870ರ ಸುಮಾರಿಗೆ ಅವಳೂ ಹೋದಳು. ಮಗ ಕ್ವಾನಾ ಪಾರ್ಕರ್ ಕಮಾಂಚಿಗಳ ದೊಡ್ಡ ನಾಯಕನಾದ.

ಇನ್ನೊಬ್ಬ ಬ್ರಿಟ್ ಜಾನ್ಸನ್, ಕಪ್ಪುವರ್ಣೀಯ. 1864ರ ಎಲ್ಮ್ ಕ್ರೀಕ್ ದಾಳಿಯಲ್ಲಿ ಸೆರೆಹೋದ ಹೆಂಡತಿ ಮಕ್ಕಳನ್ನು ಹುಡುಕಿ ಹೊರಟು ಮರಳಿ ಪಡೆದ. 1871ರಲ್ಲಿ ಕಯೋವಾ ಬುಡಕಟ್ಟಿನವರ ಕೈಯಲ್ಲಿ ಸತ್ತ.

ಕಾದಂಬರಿಯ ನಾಯಕನ ಹೆಸರು ಏಮಸ್. ಕೊನೆಗೆ ಅವನು ಸಾಯುತ್ತಾನೆ, ಹುಡುಗಿಯನ್ನು ಸೇರುವವನು ಮಾರ್ಟಿನ್. ಚಿತ್ರದಲ್ಲಿ ಮಾರ್ಟಿನ್‌ಗೆ ಎಂಟರಲ್ಲೊಂದು ಪಾಲು ಚೆರೋಕಿ ಎಂಬ ಮೂಲನಿವಾಸಿ ಬುಡಕಟ್ಟಿನ ರಕ್ತವಿದೆ ಎಂಬುದು ಕಾದಂಬರಿಯಲ್ಲಿಲ್ಲ. ಈ ಒಂದು ಬದಲಾವಣೆ ಇಡೀ ಕಥೆಯನ್ನು ಕುಟುಂಬವೆಂದರೆ ಯಾರು ಎಂಬ ಜಗಳವನ್ನಾಗಿ ಮಾಡಿತು. ಊಟದ ಮೇಜಿನಲ್ಲೇ ಈಥನ್ ಮಾರ್ಟಿನ್‌ಗೆ ತನ್ನನ್ನು ಚಿಕ್ಕಪ್ಪ-ದೊಡ್ಡಪ್ಪ ಎನ್ನಬೇಡ ಎನ್ನುತ್ತಾನೆ. ಮುಂದೆ ಉಯಿಲು ಬರೆಯುವಾಗ, ಡೆಬ್ಬಿ ಜೀವಂತ ಇರುವುದು ಗೊತ್ತಿದ್ದೂ, ತನಗೆ ರಕ್ತಸಂಬಂಧಿಗಳಿಲ್ಲ ಎಂದು ಬರೆದು ಎಲ್ಲವನ್ನೂ ಮಾರ್ಟಿನ್ ಹೆಸರಿಗೆ ಮಾಡುತ್ತಾನೆ. ಮಾರ್ಟಿನ್ ಅದನ್ನು ಅವನ ಮುಖಕ್ಕೇ ತಿರುಗಿಸುತ್ತಾನೆ. ರಕ್ತದ ಹಂಗಿಲ್ಲದ ಹುಡುಗ ತಂಗಿ ಎನ್ನುವುದನ್ನು ಒಮ್ಮೆಯೂ ಬಿಡುವುದಿಲ್ಲ.

ನಮ್ಮ ಕಾಲೇಜಿನ ಚಿತ್ರ ಸಮಾಜದಲ್ಲಿ ತೋರಿಸಬೇಕೆಂದಿದ್ದೇವೆ. ಮೂಲನಿವಾಸಿಗಳನ್ನು ತೋರಿಸಿದ ರೀತಿಗೆ ವಿದ್ಯಾರ್ಥಿಗಳು ಸಿಡಿಮಿಡಿಗೊಂಡರೆ?
– ಉಪನ್ಯಾಸಕರು, ಮೈಸೂರು

ಸಿಡಿಮಿಡಿಗೊಳ್ಳಲಿ, ಕಾರಣವಿದೆ. ಸ್ಕಾರ್ ಪಾತ್ರ ಮಾಡಿದ ಹೆನ್ರಿ ಬ್ರಾಂಡನ್ ಬರ್ಲಿನ್‌ನಲ್ಲಿ ಹುಟ್ಟಿದ ಬಿಳಿಯ. ಕಮಾಂಚಿಗಳಾಗಿ ಕಾಣುವವರು ಚಿತ್ರೀಕರಣ ನಡೆದ ಊರಿನ ನವಾಹೊ ಬುಡಕಟ್ಟಿನ ಜನ. ಮಾರ್ಟಿನ್ ಕಂಬಳಿ ಕೊಂಡೆನೆಂದುಕೊಂಡು ತಿಳಿಯದೆ ಮದುವೆಯಾಗುವ ಲುಕ್ ಎಂಬ ಹೆಂಗಸನ್ನು ದಿಬ್ಬದಿಂದ ಒದ್ದು ಉರುಳಿಸುವುದನ್ನು ನಗುವಿಗೆಂದು ಇಟ್ಟಿದ್ದಾರೆ. ಅದಕ್ಕೆ ಯಾವ ಸಮರ್ಥನೆಯೂ ಬೇಡ. ಆದರೆ ಅದೇ ಲುಕ್‌ಳ ಹೆಣ ಸ್ವಲ್ಪ ಹೊತ್ತಿಗೆ, ಸೈನ್ಯ ಸುಟ್ಟುಹಾಕಿದ ಹಿಮದ ಹಳ್ಳಿಯಲ್ಲಿ ಸಿಗುತ್ತದೆ. ಮಾರ್ಟಿನ್ ಕೇಳುವ ಪ್ರಶ್ನೆಗೆ, ಇವಳನ್ನೇಕೆ ಕೊಂದರು ಎಂಬುದಕ್ಕೆ, ಚಿತ್ರ ಉತ್ತರ ಕೊಡುವುದಿಲ್ಲ.

ಸ್ಕಾರ್‌ನ ಡೇರೆಯ ದೃಶ್ಯದ ಮೇಲೆ ಚರ್ಚೆ ಇಟ್ಟುಕೊಳ್ಳಿ. ಈಥನ್ ಅವನ ಇಂಗ್ಲಿಷಿನ ಬಗ್ಗೆ ಕುಟುಕಿದರೆ ಅವನು ಈಥನ್‌ನ ಕಮಾಂಚಿ ಭಾಷೆಯ ಬಗ್ಗೆ ಅದೇ ಧಾಟಿಯಲ್ಲಿ ಕುಟುಕುತ್ತಾನೆ. ಬಿಳಿಯರು ತನ್ನ ಇಬ್ಬರು ಗಂಡುಮಕ್ಕಳನ್ನು ಕೊಂದರು, ಅದಕ್ಕೇ ಈ ನೆತ್ತಿಗಳು ಎನ್ನುತ್ತಾನೆ. ಇಬ್ಬರೂ ಒಂದೇ ಲೆಕ್ಕದ ಪುಸ್ತಕದ ಎರಡು ಪುಟಗಳು.

ವ್ಯವಸ್ಥೆಯ ಮಟ್ಟಿಗೆ: ಚಿತ್ರ 119 ನಿಮಿಷ. ಮಧ್ಯಂತರ ಬೇಡ. ಮೊದಲೇ ಐದು ನಿಮಿಷದಲ್ಲಿ ಅಂತರ್ಯುದ್ಧ, ಟೆಕ್ಸಾಸ್ ರೇಂಜರ್, ಕಮಾಂಚಿ ಎಂಬ ಮೂರನ್ನು ಹೇಳಿಬಿಡಿ, ಕಥೆ ಹೇಳಬೇಡಿ. ಮುಗಿದ ಮೇಲೆ ಈಥನ್ ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದರೆ ಮಾತು ಎರಡು ನಿಮಿಷಕ್ಕೆ ಸಾಯುತ್ತದೆ. ಅವನು ಸತ್ತ ಕಮಾಂಚಿಯ ಕಣ್ಣಿಗೆ ಗುಂಡು ಹೊಡೆದದ್ದೇಕೆ ಎಂದು ಕೇಳಿ. ಕಣ್ಣಿಲ್ಲದವನ ಆತ್ಮ ಗಾಳಿಗಳ ನಡುವೆ ಅಲೆಯುತ್ತದೆ ಎಂಬ ಅವರ ನಂಬಿಕೆಯನ್ನು ಈಥನ್ ಬಲ್ಲ, ಬಲ್ಲದ್ದರಿಂದಲೇ ಅಷ್ಟು ಕ್ರೂರಿ. ಕೊನೆಗೆ ಅಲೆಯುವವನು ಯಾರೆಂಬುದನ್ನು ವಿದ್ಯಾರ್ಥಿಗಳೇ ಹೇಳುತ್ತಾರೆ.

ಶುರುವಿನಲ್ಲಿ ‘ವಿಸ್ಟಾವಿಷನ್’ ಎಂದು ಬರುತ್ತದೆ. ಹಾಗೆಂದರೇನು? ನಮ್ಮ ಟಿವಿಯಲ್ಲಿ ಧಾರಾವಾಹಿಯಂತೆ ಕಾಣುತ್ತದೆ.
– ಓದುಗರು, ಮಂಗಳೂರು

ಸಾಮಾನ್ಯ 35 ಎಂ.ಎಂ. ಸಿನಿಮಾ ಕ್ಯಾಮೆರಾದಲ್ಲಿ ಫಿಲ್ಮ್ ಮೇಲಿನಿಂದ ಕೆಳಗೆ ಓಡುತ್ತದೆ, ಒಂದು ಫ್ರೇಮಿಗೆ ಫಿಲ್ಮಿನ ಅಂಚಿನ ನಾಲ್ಕು ರಂಧ್ರ. ವಿಸ್ಟಾವಿಷನ್‌ನಲ್ಲಿ ಅಡ್ಡಡ್ಡ ಓಡುತ್ತದೆ, ಫ್ರೇಮಿಗೆ ಎಂಟು ರಂಧ್ರ. ಸ್ಟಿಲ್ ಕ್ಯಾಮೆರಾದ ಫುಲ್ ಫ್ರೇಮಿನಷ್ಟೇ ದೊಡ್ಡ ಚೌಕ. ಅದನ್ನು ಕುಗ್ಗಿಸಿ ಮಾಮೂಲು ಪ್ರಿಂಟಿಗೆ ಇಳಿಸಿದಾಗ ಕಾಳು ಕಾಳಾಗದೆ, ದೂರದ ಬಂಡೆಯ ಅಂಚೂ ಗರಿಗರಿಯಾಗಿ ಬರುತ್ತದೆ. ತೊಂದರೆ, ಫಿಲ್ಮಿನ ಖರ್ಚು: ನಿಮಿಷಕ್ಕೆ 90 ಅಡಿಯ ಬದಲು 180. ಸಾವಿರ ಅಡಿಯ ರೋಲು ಐದೂವರೆ ನಿಮಿಷಕ್ಕೆ ಮುಗಿಯುತ್ತದೆ. ಪ್ಯಾರಮೌಂಟ್ 1954ರಲ್ಲಿ ತಂದ ಈ ಪದ್ಧತಿ ಬಹುಕಾಲ ಉಳಿಯಲಿಲ್ಲ.

ಧಾರಾವಾಹಿಯಂತೆ ಕಾಣುವುದು ಟಿವಿಯ ದೋಷ. ಸೆಟ್ಟಿಂಗ್‌ನಲ್ಲಿ ಮೋಷನ್ ಸ್ಮೂದಿಂಗ್ ಆರಿಸಿ. ಕಂಪನಿಗೊಂದು ಹೆಸರಿರುತ್ತದೆ, ಮೋಷನ್ ಎಂಬ ಪದ ಹುಡುಕಿದರೆ ಸಾಕು. ಸೆಕೆಂಡಿಗೆ 24 ಫ್ರೇಮುಗಳ ನಡುವೆ ಟಿವಿ ತಾನೇ ಹೊಸ ಫ್ರೇಮ್ ಹುಟ್ಟಿಸಿ ತುರುಕುತ್ತಿರುತ್ತದೆ. ‘ವಿವಿಡ್’ ಬಿಟ್ಟು ‘ಸಿನಿಮಾ’ ಮೋಡ್ ಇಡಿ, ಇಲ್ಲದಿದ್ದರೆ ಕೆಂಪು ಬಂಡೆ ಕಿತ್ತಳೆಯಾಗುತ್ತದೆ. ಚಿತ್ರ ಪರದೆ ತುಂಬ ಬರಬೇಕು, ಅಥವಾ ಮೇಲೆ ಕೆಳಗೆ ಎಳೆಯಷ್ಟು ಕಪ್ಪು ಪಟ್ಟಿ. ಹಳೇ ಟಿವಿಯ ಚೌಕದಲ್ಲಿ ಕಂಡರೆ ಅದು ಎರಡು ಬದಿ ಕತ್ತರಿಸಿದ ಪ್ರತಿ, ಬಿಟ್ಟುಬಿಡಿ. ಮೂಲ ನೆಗೆಟಿವ್‌ನಿಂದ ಮಾಡಿದ ಹೊಸ ಮರುಸ್ಥಾಪನೆ 2024ರಲ್ಲಿ ಬಂದಿದೆ, 4ಕೆ ಡಿಸ್ಕ್ ಇದೆ. ಅದರಲ್ಲಿ ರಾತ್ರಿಯ ಬೆಂಕಿಯ ದೃಶ್ಯಗಳು ಸ್ಟುಡಿಯೊ ಸೆಟ್ ಎಂಬುದೂ ಅಷ್ಟೇ ಚೆನ್ನಾಗಿ ಕಾಣುತ್ತದೆ!

ಕೊನೆಯಲ್ಲಿ ಈಥನ್ ಎಡಗೈಯಿಂದ ಬಲಮೊಣಕೈ ಹಿಡಿದು ನಿಲ್ಲುವುದೇಕೆ? ಚಿತ್ರಕ್ಕೆ ಆಸ್ಕರ್ ಎಷ್ಟು ಬಂದವು?
– ಓದುಗರು, ಬಳ್ಳಾರಿ

ಅದು ಮೂಕಿಚಿತ್ರಗಳ ಕಾಲದಲ್ಲಿ ಫೋರ್ಡ್‌ರ ನಾಯಕನಾಗಿದ್ದ ಹ್ಯಾರಿ ಕೇರಿಯವರ ಭಂಗಿ. ಅವರು 1947ರಲ್ಲಿ ತೀರಿಕೊಂಡಿದ್ದರು. ಶ್ರೀಮತಿ ಜಾರ್ಗೆನ್ಸನ್ ಪಾತ್ರದ ಆಲಿವ್ ಕೇರಿ ಅವರ ಪತ್ನಿ, ಬ್ರಾಡ್ ಪಾತ್ರದ ಹ್ಯಾರಿ ಕೇರಿ ಜೂನಿಯರ್ ಮಗ. ಡೆಬ್ಬಿಯ ವಿಷಯದಲ್ಲೂ ಹೀಗೇ: ಚಿಕ್ಕವಳು ಲಾನಾ ವುಡ್, ದೊಡ್ಡವಳು ಅವಳ ಸ್ವಂತ ಅಕ್ಕ ನಟಾಲಿ ವುಡ್.

ಆಸ್ಕರ್ ಒಂದೂ ಇಲ್ಲ, ನಾಮನಿರ್ದೇಶನವೂ ಇಲ್ಲ. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರ ದಾಖಲೆಗೆ ಆಯ್ದ ಮೊದಲ 25 ಚಿತ್ರಗಳಲ್ಲಿ ಸೇರಿತು. ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ 2012ರ ವಿಮರ್ಶಕರ ಮತದಾನದಲ್ಲಿ ಏಳನೆಯದು.

ಫೀನಿಕ್ಸ್‌ನಲ್ಲಿದ್ದೇವೆ. ಊರಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ಅಪ್ಪನಿಗೆ ಈ ಚಿತ್ರದ ಜಾಗ ನೋಡುವ ಆಸೆ. ಟೆಕ್ಸಾಸಿಗೆ ಹೋಗಬೇಕೆ?
– ಕನ್ನಡಿಗ ಕುಟುಂಬ, ಅರಿಜೋನಾ

ಬೇಡ, ನಿಮ್ಮ ರಾಜ್ಯದಲ್ಲೇ ಇದೆ. ಕಥೆ ಟೆಕ್ಸಾಸಿನದ್ದಾದರೂ ಚಿತ್ರಿಸಿದ್ದು ಅರಿಜೋನಾ–ಯೂಟಾ ಗಡಿಯ ಮಾನ್ಯುಮೆಂಟ್ ವ್ಯಾಲಿಯಲ್ಲಿ. ನಿಜವಾದ ಕಮಾಂಚಿ ನಾಡು ಚಪ್ಪಟೆ ಹುಲ್ಲುಗಾವಲು, ಅಲ್ಲಿ ಇಂಥ ಬಂಡೆಗಳಿಲ್ಲ. ಕಾರಿನಲ್ಲಿ ಐದು ತಾಸಿನ ಮೇಲಾಗುತ್ತದೆ, ಹತ್ತಿರದ ಊರು ಕಯೆಂಟಾ. ಅದು ನವಾಹೊ ಬುಡಕಟ್ಟಿನ ಉದ್ಯಾನ, ಹಾಗಾಗಿ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ನಡೆಯುವುದಿಲ್ಲ, ಪ್ರವೇಶ ಶುಲ್ಕ ಬೇರೆ ಕೊಡಬೇಕು. ಒಳಗಿನ 17 ಮೈಲಿಯ ಸುತ್ತುದಾರಿ ಮಣ್ಣಿನದು, ಎರಡು-ಮೂರು ತಾಸು ಬೇಕು. ಜಾನ್ ಫೋರ್ಡ್ ಪಾಯಿಂಟ್ ಆ ದಾರಿಯಲ್ಲೇ ಸಿಗುತ್ತದೆ. ತಗ್ಗಿನ ಕಾರಾದರೆ ಮರಳಿನಲ್ಲಿ ತಳ ತಗಲುತ್ತದೆ, ಬಾಡಿಗೆ ಕಾರಿನ ಕರಾರಿನಲ್ಲಿ ಮಣ್ಣುದಾರಿ ನಿಷಿದ್ಧವೂ ಆಗಿರಬಹುದು, ಓದಿಕೊಳ್ಳಿ. ಹಿರಿಯರ ಬೆನ್ನಿಗೆ ಕುಲುಕಾಟ ಒಗ್ಗದಿದ್ದರೆ ಸಂದರ್ಶಕರ ಕೇಂದ್ರದ ಕಟ್ಟೆಯಿಂದಲೇ ಮೂರು ದೊಡ್ಡ ಬಂಡೆಗಳು ಕಾಣುತ್ತವೆ. ಡ್ರೋನ್ ಮತ್ತು ಮದ್ಯ ಎರಡೂ ನಿಷಿದ್ಧ. ಜುಲೈ–ಆಗಸ್ಟಿನಲ್ಲಿ ಮಧ್ಯಾಹ್ನದ ಮಳೆಗೆ ದಾರಿ ಕೆಸರಾಗುತ್ತದೆ.

ಎಡ್ವರ್ಡ್ಸ್ ಮನೆ ಹುಡುಕಬೇಡಿ, ಅದು ಸೆಟ್. ಡೆಬ್ಬಿಯನ್ನು ಎತ್ತುವ ಗುಹೆಯೂ ಅಲ್ಲಿಲ್ಲ. ಅದು ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆ. ಹಿಮದ ದೃಶ್ಯಗಳು ಕೊಲೊರಾಡೊದ ಗನ್ನಿಸನ್ ಕಡೆಯವು. ಹೊರಡುವ ಮುನ್ನ ಗಡಿಯಾರ ನೋಡಿಕೊಳ್ಳಿ. ಮಾರ್ಚಿನಿಂದ ನವೆಂಬರ್ ಮೊದಲ ವಾರದವರೆಗೆ ನವಾಹೊ ಪ್ರದೇಶದ ಸಮಯ ಫೀನಿಕ್ಸ್‌ಗಿಂತ ಒಂದು ಗಂಟೆ ಮುಂದೆ. ನಾಲ್ಕಕ್ಕೆ ತಲುಪಿದೆವು ಎಂದುಕೊಂಡರೆ ಅಲ್ಲಿ ಐದಾಗಿರುತ್ತದೆ, ಸುತ್ತುದಾರಿಯ ಗೇಟು ಮುಚ್ಚಿರಲೂಬಹುದು.